ಹಿಂದಿನ ಬೆಂಚಿಗೆ ಕೇಳಿಸುವಷ್ಟು

ಲಾಯರಮ್ಮ ಎಂಬ ಹೆಸರು ಅವಳಿಗೆ ಕಾನೂನು ಕಾಲೇಜು ಕೊಟ್ಟದ್ದಲ್ಲ. ಹಾಲುಹಲ್ಲು ಬೀಳುವ ಮೊದಲೇ ಅಣ್ಣ ಇಟ್ಟದ್ದು. ಮನೆಗಿದ್ದದ್ದು ಒಂದೇ ಕಿಟಕಿ. ಅದರ ಪಕ್ಕ ಯಾರು ಮಲಗಬೇಕು ಅಂತ ಅಣ್ಣನ ಜೊತೆ ವಾದಕ್ಕೆ ಬಿದ್ದು, ಅಮ್ಮನ ಮುಂದೆ ಸಾಕ್ಷಿ ಸಮೇತ ಗೆದ್ದು, ಗೆದ್ದಾದ ಮೇಲೆ "ಹೋಗ್ಲಿ ಬಿಡು, ನೀನೇ ಮಲ್ಕೋ" ಅಂತ ಬಿಟ್ಟುಕೊಟ್ಟಿದ್ದಳು. "ಗೆದ್ದು ಬಿಟ್ಟುಕೊಡೋ ಲಾಯರಮ್ಮನ್ನ ಯಾರು ತಾನೇ ಇಟ್ಕೋತಾರೆ?" ಅಂತ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹೆಸರು ಹಾಗೇ ಉಳಿಯಿತು.

ಕಾಲೇಜಿನಲ್ಲಿ ಮಾತ್ರ ಈ ಲಾಯರಮ್ಮ ಹತ್ತರಲ್ಲಿ ಹನ್ನೊಂದು. ಅಯ್ಯೋ ಪಾಪ ಅನ್ನುವಷ್ಟು ಕಡಿಮೆ ಅಂಕಗಳಿರಲಿಲ್ಲ, ಭಲೇ ಅನ್ನುವಷ್ಟು ಹೆಚ್ಚೂ ಇರಲಿಲ್ಲ. ಮೇಷ್ಟ್ರುಗಳಿಗೆ ಮೊದಲ ಸಾಲಿನವರ ಹೆಸರು ಗೊತ್ತಿರುತ್ತದೆ, ಕೊನೆಯ ಸಾಲಿನವರ ಹೆಸರೂ ಗೊತ್ತಿರುತ್ತದೆ. ನಡುವಿನವರು ಹಾಜರಿ ಕೂಗುವಾಗ ಮಾತ್ರ ಹುಟ್ಟಿ, "ಎಸ್ ಸಾರ್" ಅಂದೊಡನೆ ಸಾಯುತ್ತಾರೆ. ಅವಳು ಆ ಜಾತಿಯವಳು.

ಕೊನೆಯ ವರ್ಷ ಬಂತೆಂದರೆ ಎಲ್ಲರಿಗೂ ಕ್ಲರ್ಕ್‌ಶಿಪ್ಪಿನ ಜ್ವರ ಹಿಡಿಯುತ್ತದೆ. ಕ್ಲರ್ಕ್ ಅಂದರೆ ಇಲ್ಲಿ ಫೈಲು ಹೊರುವ ಗುಮಾಸ್ತನಲ್ಲ. ಒಬ್ಬ ನ್ಯಾಯಾಧೀಶರ ಕೊಠಡಿಯಲ್ಲಿ ಒಂದು ವರ್ಷ ಕೂತು ಅವರಿಗಾಗಿ ಕೇಸು ಓದುವುದು, ಹಳೆಯ ತೀರ್ಪು ಹುಡುಕುವುದು, ಸಾರಾಂಶ ಬರೆಯುವುದು, ಬಾಗಿಲು ಹಾಕಿದ ಮೇಲೆ ಅವರ ಜೊತೆಗೇ ವಾದ ಮಾಡುವುದು. ಆ ಒಂದು ವರ್ಷ ಮುಗಿಸಿ ಬಂದವರಿಗೆ ದೊಡ್ಡ ದೊಡ್ಡ ಕಚೇರಿಗಳ ಬಾಗಿಲು ತಾನಾಗಿ ತೆರೆಯುತ್ತದೆ. ನಡುಸಾಲಿನ ಹುಡುಗಿಗೆ ಮೇಲಕ್ಕೆ ಹತ್ತಲು ಇದ್ದ ಏಣಿ ಅದೊಂದೇ.

ಕೆಲಸ ಕೊಡಿಸುವ ವಿಭಾಗದ ಮೇಷ್ಟ್ರು ಅವಳ ಅಂಕಪಟ್ಟಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. ಒರೆಸಿದರೆ ಅಂಕ ಹೆಚ್ಚುತ್ತದೆಯೇ!

"ನೋಡಮ್ಮ, ಮುಚ್ಚುಮರೆ ಯಾಕೆ? ನಿನ್ನ ಮಾರ್ಕ್ಸಿಗೆ ಆರಿಸಿಕೊಳ್ಳೋ ಭಾಗ್ಯ ಇಲ್ಲ. ಎಲ್ಲಾ ಜಡ್ಜುಗಳಿಗೂ ಅರ್ಜಿ ಹಾಕು."

"ಎಲ್ಲರಿಗೂನಾ ಸಾರ್?"

"ಎಲ್ಲರಿಗೂ ಅಂದ್ರೆ ಎಲ್ಲರಿಗೂ. ಆದ್ರೆ ಒಂದು ತಿಳ್ಕೋ. ಅರ್ಜಿ ಹಾಕಿದ್ರೆ ಅರ್ಧ ಮಾತು ಕೊಟ್ಟ ಹಾಗೆ. ಜಡ್ಜು 'ಬಾ' ಅಂದ್ರೆ ಅಲ್ಲೇ, ಆ ಕುರ್ಚಿಯಲ್ಲೇ 'ಹೂಂ' ಅನ್ನಬೇಕು. ಮನೇಲಿ ಕೇಳಿ ಹೇಳ್ತೀನಿ, ಎರಡು ದಿನ ಕೊಡಿ ಅಂದೋರಿಗೆ ಆ ಕಟ್ಟಡದಲ್ಲಿ ಮತ್ತೆ ಯಾರೂ ಕುರ್ಚಿ ಹಾಕಲ್ಲ. ನಮ್ಮ ಕಾಲೇಜಿನ ಹೆಸರೂ ಹಾಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು."

ಲಾಯರಮ್ಮ ಅರ್ಜಿಗಳನ್ನು ಕಟ್ಟಿದಳು. ಲಕೋಟೆಗಳು ಊಟದ ಮೇಜಿನ ತುಂಬ ಹರಡಿಕೊಂಡವು. ಎಲ್ಲದರ ಬಾಯಿ ಅಂಟಿಸಿಯಾದ ಮೇಲೂ ಒಂದು ಮಾತ್ರ ತೆರೆದೇ ಉಳಿಯಿತು. ಅದು ಮೆಲುದನಿಯ ನ್ಯಾಯಾಧೀಶೆಯದು. ವಕೀಲರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಇಷ್ಟು ವರ್ಷಗಳ ಸೇವೆಯಲ್ಲಿ ಆಕೆ ಒಮ್ಮೆಯೂ ದನಿ ಎತ್ತಿಲ್ಲ, ಯಾರನ್ನೂ ಗದರಿಸಿಲ್ಲ, ಕೊಲೆಗಾರನಿಗೂ "ದಯವಿಟ್ಟು ಕುಳಿತುಕೊಳ್ಳಿ" ಅನ್ನುತ್ತಾರೆ ಎಂದು ಕಾಲೇಜಿನಲ್ಲೂ ಹೊಗಳುತ್ತಿದ್ದರು. ಲಾಯರಮ್ಮನ ಅಣ್ಣನನ್ನು ಜೈಲಿಗೆ ಕಳಿಸಿದ್ದು ಅದೇ ಮೆಲುದನಿ.

ಅಣ್ಣ ತಪ್ಪು ಮಾಡಿರಲಿಲ್ಲ ಅಂತೇನಿಲ್ಲ. ಕುಡಿದು ವ್ಯಾನು ಓಡಿಸಿ, ಸೈಕಲ್ಲಿನಲ್ಲಿ ಹೋಗುತ್ತಿದ್ದವನಿಗೆ ಗುದ್ದಿ, ನಿಲ್ಲಿಸದೆ ಮನೆಗೆ ಬಂದು ಮಲಗಿದ್ದ. ಆ ಮನುಷ್ಯನ ಒಂದು ಕಾಲು ಹೋಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಅದನ್ನು ಅವರ ಮನೆಯಲ್ಲಿ ಯಾರೂ ಅಲ್ಲಗಳೆಯಲಿಲ್ಲ. ಆದರೂ ಅಂದಿನಿಂದ ಅಮ್ಮ ಆ ನ್ಯಾಯಾಧೀಶೆಯ ಹೆಸರೆತ್ತಿಲ್ಲ. ಅಳಲೂ ಇಲ್ಲ. ಕಣ್ಣಲ್ಲಿ ಒಂದು ಹನಿ ನೀರು ಹಾಕದೆ ಮಿಲ್ಲಿಗೆ ಹೋಗುತ್ತಾಳೆ, ಬರುತ್ತಾಳೆ.

ಹಾಗಿದ್ದೂ ಆ ಲಕೋಟೆಯನ್ನು ಲಾಯರಮ್ಮ ಯಾಕೆ ಅಂಟಿಸಿದಳು? ಮೇಷ್ಟ್ರು ಹೇಳಿದ್ದಕ್ಕೆ ಅಂದರೆ ಅರ್ಧ ಸುಳ್ಳು. ಹೇಗೂ ಅಲ್ಲಿಂದ ಕರೆ ಬರುವುದಿಲ್ಲ ಎಂಬ ಧೈರ್ಯವೂ ಇತ್ತು. ಇನ್ನರ್ಧ ಏನೆಂದರೆ, ಆ ಮುಖವನ್ನು ಹತ್ತಿರದಿಂದ ಒಮ್ಮೆ ನೋಡಬೇಕೆಂಬ ಆಸೆ. ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ಇಲ್ಲಿ ಅಮ್ಮನ ಕೆಲಸದ ವಿಷಯ ಹೇಳಬೇಕು. ಅಮ್ಮ ನೇಯ್ಗೆ ಮಿಲ್ಲಿನವಳು. ಮಗ್ಗಗಳ ನಡುವೆ ನಿಂತರೆ ಪಕ್ಕದವಳು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಅಲ್ಲಿನ ಹೆಂಗಸರು ಕಿವಿಯ ಸಹವಾಸ ಬಿಟ್ಟು ಕಣ್ಣಿನಿಂದ ಕೇಳುವುದನ್ನು ಕಲಿತಿರುತ್ತಾರೆ. ದನಿ ಹೊರಡಿಸದೆ ತುಟಿಯನ್ನಷ್ಟೇ ಅಗಲವಾಗಿ ಆಡಿಸುತ್ತ, ಮಿಲ್ಲಿನ ಈ ತುದಿಯಿಂದ ಆ ತುದಿಗೆ ಸಂಸಾರದ ಕಥೆಯನ್ನೆಲ್ಲ ಹೇಳಿ ಮುಗಿಸುತ್ತಾರೆ. ಮೇಲ್ವಿಚಾರಕನನ್ನು ಅವನ ಎದುರಿಗೇ ಬೈಯುತ್ತಾರೆ. ವರ್ಷಗಟ್ಟಲೆ ಆ ಗದ್ದಲ ತಿಂದು ಅಮ್ಮನ ಕಿವಿ ಮಂದವಾಗಿತ್ತು. ಮನೆಯಲ್ಲಿ ಮಕ್ಕಳೂ ತುಟಿಮಾತು ಕಲಿತರು. ಜೈಲಿನ ಭೇಟಿ ಕೋಣೆಯಲ್ಲಿ ಗಾಜಿನ ಆಚೆ ಈಚೆ ಒಂದೊಂದು ಫೋನು ಇಟ್ಟಿರುತ್ತಾರೆ. ಉಳಿದವರು ಅದು ಕೊರಕೊರ ಅನ್ನುತ್ತದೆಂದು ಬೈಯುತ್ತ ಕೂತರೆ, ಅಮ್ಮನೂ ಅಣ್ಣನೂ ಫೋನು ಮುಟ್ಟದೆ ತುಟಿಯಲ್ಲೇ ಹರಟುತ್ತಿದ್ದರು. ಕಾವಲಿನವನು ಪೆಚ್ಚಾಗಿ ಇವರಿಬ್ಬರನ್ನೂ ನೋಡುತ್ತಿದ್ದ.

ದಿನಗಳು ಉರುಳಿದವು. ದೊಡ್ಡ ದೊಡ್ಡ ಕೊಠಡಿಗಳಿಂದ ವಿಷಾದದ ಉತ್ತರಗಳು ಬಂದವು. ಕೆಲವರು ವಿಷಾದಿಸುವ ಗೋಜಿಗೂ ಹೋಗಲಿಲ್ಲ. ಕರೆ ಬಂದದ್ದು ಒಂದೇ ಕಡೆಯಿಂದ. ಎಲ್ಲಿಂದ ಅಂತ ಬೇರೆ ಹೇಳಬೇಕೆ?

"ಒಬ್ಬ ಜಡ್ಜು ಕರೆದಿದ್ದಾರಮ್ಮ," ಅಂದಳು ಲಾಯರಮ್ಮ. ಯಾವ ಜಡ್ಜು ಅಂತ ಹೇಳಲಿಲ್ಲ. ಕೇಳದಿದ್ದರೆ ಸಾಕು ಎಂದು ಉಸಿರು ಹಿಡಿದು ನಿಂತಿದ್ದಳು.

ಅಮ್ಮ ಕೇಳಲೇ ಇಲ್ಲ. ಅವಳಿಗೆ ಜಡ್ಜು ಅಂದರೆ ಸಾಕಾಗಿತ್ತು. ಅಕ್ಕಪಕ್ಕದ ಮನೆಗಳಿಗೆಲ್ಲ ಹೋಗಿ, ಮಂದಕಿವಿಯವರು ಮಾತಾಡುವ ಆ ಎತ್ತರದ ದನಿಯಲ್ಲಿ "ನಮ್ಮ ಹುಡುಗೀನ ಜಡ್ಜು ಕರೆಸಿದ್ದಾರೆ, ಒಳ್ಳೇದಕ್ಕೆ ಕಣ್ರೀ, ಒಳ್ಳೇದಕ್ಕೆ!" ಅಂತ ಸಾರಿಬಂದಳು. ಒಮ್ಮೆ ಆ ಮನೆಗೆ ಕೋರ್ಟಿನ ಕರೆ ಬಂದದ್ದನ್ನು ಬೀದಿಯೆಲ್ಲ ನೋಡಿತ್ತಲ್ಲ, ಅದಕ್ಕೆ ಆ 'ಒಳ್ಳೇದಕ್ಕೆ' ಎರಡೆರಡು ಸಲ. ಲಾಯರಮ್ಮನ ಕರಿ ಕೋಟಿಗೆ ಇಸ್ತ್ರಿ ಹಾಕಿ, ಸಡಿಲವಾಗಿದ್ದ ಗುಂಡಿಯನ್ನು ಹಲ್ಲಿನಿಂದ ದಾರ ಕಡಿದು ಹೊಲಿದುಕೊಟ್ಟಳು.

ಆ ವಾರದ ಭೇಟಿಯಲ್ಲಿ ಅಮ್ಮ ಅತ್ತ ತಿರುಗಿದಾಗ ಲಾಯರಮ್ಮ ಅಣ್ಣನಿಗೆ ಗಾಜಿನಾಚೆಯಿಂದ ತುಟಿಯಲ್ಲೇ ಹೇಳಿದಳು, ಯಾವ ಜಡ್ಜು ಅಂತ. ಅಣ್ಣನ ಮುಖ ಒಂದು ಗಳಿಗೆ ಬಿಗಿಯಿತು. ಆಮೇಲೆ ಅವನ ತುಟಿ ಆಡಿತು. "ಹೋಗು. ನಾನು ಹಾಳಾಗಿದ್ದಕ್ಕೆ ನಿನಗೂ ಶಿಕ್ಷೆ ಯಾಕೆ? ಬಾಯಿ ಮುಚ್ಕೊಂಡು ಕೆಲಸ ತಗೋ. ಅಮ್ಮನಿಗೆ ನಾನು ಹೇಳ್ಕೋತೀನಿ." ಸ್ವಲ್ಪ ತಡೆದು ಮತ್ತೆ, "ಗೆದ್ದು ಬಿಟ್ಟುಕೊಟ್ಟು ಬರಬೇಡ, ಗೊತ್ತಾಯ್ತಾ?"

ನ್ಯಾಯಾಧೀಶೆಯ ಕೊಠಡಿ ಮೇಲಿನ ಮಹಡಿಯಲ್ಲಿತ್ತು. ಕಿಟಕಿಯಿಂದ ಕೆಳಗಿನ ಬಸ್ ನಿಲ್ದಾಣ ಕಾಣುತ್ತಿತ್ತು. ಮೇಜಿನ ಮೇಲೆ ನೀರಿನ ಜಗ್ಗು, ಎರಡು ಲೋಟ, ಅವಳ ಅರ್ಜಿ, ಇಷ್ಟೇ. ಆಕೆ ತಾವೇ ಎದ್ದು ನೀರು ಬಗ್ಗಿಸಿ ಕೊಟ್ಟರು. ನೆರೆತ ಕೂದಲು, ಸಣ್ಣ ದೇಹ. ಕೆಡುಕಿನ ಒಂದು ಗೆರೆಯಾದರೂ ಆ ಮುಖದಲ್ಲಿರಬಾರದೇ ಅಂತ ಲಾಯರಮ್ಮ ಹುಡುಕಿದಳು. ಇರಲಿಲ್ಲ.

"ಅರ್ಜಿಯ ಜೊತೆ ಕಳಿಸಿದ್ದ ನಿಮ್ಮ ಪ್ರಬಂಧ ಓದಿದೆ," ಅಂದರು. ಅಷ್ಟು ಹತ್ತಿರ ಕೂತವರಿಗೆ ಆ ದನಿ ಬಹಳ ಹಿತವಾಗಿತ್ತು. "ಬಾಡಿಗೆದಾರರಿಗೆ ನೋಟಿಸು ಕೊಡೋದರ ಬಗ್ಗೆ ಬರೆದದ್ದು. 'ಕಳಿಸಿದ್ದು ಬೇರೆ, ತಲುಪಿದ್ದು ಬೇರೆ. ತಲುಪುವವರೆಗೆ ಅದು ನೋಟಿಸೇ ಅಲ್ಲ' ಅಂತ ಬರೆದಿದ್ದೀರಿ. ಎಷ್ಟೋ ಜನ ಹತ್ತು ಪುಟದಲ್ಲಿ ಹೇಳೋದನ್ನ ಒಂದು ಸಾಲಿನಲ್ಲಿ ಹೇಳಿದ್ದೀರಿ. ನನಗೆ ರ‍್ಯಾಂಕು ಬಂದವರು ಬೇಕಿಲ್ಲ. ಹೀಗೆ ಬರೆಯೋರು ಬೇಕು."

ಲಾಯರಮ್ಮನ ಎದೆ ಉಬ್ಬಿತು, ಅದರ ಹಿಂದೆಯೇ ಕುಸಿಯಿತು. ಕೂತ ಕೂಡಲೇ ಹೇಳಿಬಿಡಬೇಕು ಅಂತ ಬಸ್ಸಿನಲ್ಲಿ ನೂರು ಸಲ ಹೇಳಿಕೊಂಡಿದ್ದ ಮಾತು ಹೇಳದೇ ಉಳಿಯಿತು.

"ಒಂದು ವಿಷಯ," ಆಕೆ ಅಂಕಪಟ್ಟಿಯತ್ತ ನೋಡಿದರು. "ಎಲ್ಲಾ ವರ್ಷ ಒಂದೇ ಸಮ ಇದ್ದೀರಿ. ಎರಡನೇ ವರ್ಷ, ಅಪರಾಧ ಪ್ರಕ್ರಿಯೆಯ ಪೇಪರ್ ಒಂದರಲ್ಲಿ ಮಾತ್ರ ಬಿದ್ದೇಹೋಗ್ತಿದ್ರಿ. ಯಾಕೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಲಾಯರಮ್ಮನ ಕೈ ತಾನಾಗಿ ಕೋಟಿನ ಗುಂಡಿಗೆ ಹೋಯಿತು. "ಮನೇಲಿ ಸ್ವಲ್ಪ ತೊಂದರೆ ಇತ್ತು ಮೇಡಂ," ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು.

"ಆಗುತ್ತೆ," ಅಂದರು ಆಕೆ. ಕೆದಕಲಿಲ್ಲ. ಅರ್ಜಿಯನ್ನು ಮಡಚಿ ಪಕ್ಕಕ್ಕಿಟ್ಟರು. "ಪರೀಕ್ಷೆ ಮುಗಿದ ತಕ್ಷಣ ಬರ್ತೀರಾ?"

ಆಯಿತಲ್ಲ! ಎಲ್ಲರೂ ಕಾಯುವ ಮಾತು ಇಷ್ಟು ಸಣ್ಣ ದನಿಯಲ್ಲಿ ಬಂದು ಮೇಜಿನ ಮೇಲೆ ಕೂತಿತ್ತು. ಒಂದು 'ಹೂಂ' ಅಂದರೆ ಮುಗಿಯಿತು. ಮೇಷ್ಟ್ರಿಗೂ ಅದೇ ಬೇಕು, ಅಣ್ಣನಿಗೂ ಅದೇ ಬೇಕು, ಬೀದಿಯೆಲ್ಲ ಸಾರಿಬಂದ ಅಮ್ಮನಿಗೂ ಅದೇ ಬೇಕು. ಅವಳಿಗೆ ಮಾತ್ರ ಬೇಡವಾಗಿತ್ತೇ? ಅವಳಿಗೆ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಹೂಂ ಅನ್ನಲು ತುಟಿ ಸೇರಿಸಿಯೂ ಆಗಿತ್ತು. ಆದರೆ ಆ ಗುಂಡಿ ಬೆರಳಿಗೆ ಸಿಕ್ಕಿತ್ತಲ್ಲ, ಅಮ್ಮ ಹಲ್ಲಿನಿಂದ ದಾರ ಕಡಿದು ಹೊಲಿದ ಗುಂಡಿ.

"ಮೇಡಂ, ಆ ಪರೀಕ್ಷೆಯ ದಿನ ನೀವು ನನ್ನ ಅಣ್ಣನಿಗೆ ಶಿಕ್ಷೆ ಹೇಳಿದ್ರಿ."

ಹೇಳಿ ಮುಗಿಯಿತು. ಅಣ್ಣ ಮಾಡಿದ್ದು, ಸೈಕಲ್ಲಿನವನ ಕಾಲು, ನಾಲ್ಕು ವರ್ಷ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ನ್ಯಾಯಾಧೀಶೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೆನಪು ಹುಡುಕಿದರು.

"ನನಗೆ ನೆನಪಾಗ್ತಾ ಇಲ್ಲ," ಅಂದರು ಕೊನೆಗೆ. "ಸುಳ್ಳು ಹೇಳಬಾರದು ನಿಮಗೆ. ನೆನಪಿಲ್ಲ."

ಲಾಯರಮ್ಮ ಏನೇನಕ್ಕೋ ಸಿದ್ಧಳಾಗಿ ಬಂದಿದ್ದಳು, ಇದಕ್ಕಲ್ಲ. ತನ್ನ ಮನೆಯನ್ನು ತಲೆಕೆಳಗು ಮಾಡಿದ ದಿನ ಈಕೆಗೆ ಮಧ್ಯಾಹ್ನದ ಊಟಕ್ಕೆ ಮುಂಚಿನ ಒಂದು ಫೈಲು ಅಷ್ಟೇ.

"ತೀರ್ಪು ತಪ್ಪಿತ್ತಾ?" ಆಕೆ ಕೇಳಿದರು. ಕೇಳಿದ ಬಗೆಯಲ್ಲಿ ಕೋಪವಿರಲಿಲ್ಲ.

"ಇಲ್ಲ ಮೇಡಂ. ಅವನು ಮಾಡಿದ್ದಕ್ಕೆ ಅದು ಸರಿಯಾಗೇ ಇತ್ತು."

"ಮತ್ತೆ?"

"ನಮ್ಮಮ್ಮನಿಗೆ ಕೇಳಿಸಲಿಲ್ಲ."

ನ್ಯಾಯಾಧೀಶೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಅಮ್ಮ ಹಿಂದಿನ ಬೆಂಚಲ್ಲಿ ಕೂತಿದ್ದಳು ಮೇಡಂ. ಮುಂದಿನ ಬೆಂಚಲ್ಲಿ ಕಾಲು ಹೋದವರ ಮನೆಯವರು ಇದ್ದರು. ಅವರ ಎದುರಿಗೆ ಹೋಗೋಕೆ ಇವಳಿಗೆ ಮುಖ ಇರಲಿಲ್ಲ. ನಾನು ಪರೀಕ್ಷೆ ಬಿಟ್ಟು ಬರ್ತೀನಿ ಅಂದ್ರೆ ಬೈದು ಕಳಿಸಿದ್ದಳು. ಅವಳು ಮಿಲ್ಲಲ್ಲಿ ಕೆಲಸ ಮಾಡೋಳು, ಕಿವಿ ಮಂದ. ಆದ್ರೆ ತುಟಿ ನೋಡಿದ್ರೆ ಸಾಕು, ಎಷ್ಟು ದೂರದಿಂದಾದ್ರೂ ತಿಳ್ಕೋತಾಳೆ. ನೀವು ಕಾಗದದ ಮೇಲೆ ಬಗ್ಗಿ ಓದಿದ್ರಿ. ಅವಳಿಗೆ ನಿಮ್ಮ ನೆತ್ತಿ ಮಾತ್ರ ಕಾಣಿಸ್ತಂತೆ. ಎಲ್ಲರೂ ಎದ್ದರು. ಬಾಗಿಲ ಹತ್ತಿರ ನಿಂತಿದ್ದ ಪೊಲೀಸಿನವನನ್ನ 'ಎಷ್ಟಂತೆ?' ಅಂತ ಕೇಳಿದಳು. ಅವನು ನಾಲ್ಕು ಬೆರಳು ತೋರಿಸಿ, ದಾರಿ ಬಿಡಿ ಅಂದ."

ಲಾಯರಮ್ಮ ನೀರು ಕುಡಿದಳು.

"ಅಮ್ಮ ನಾಲ್ಕು ತಿಂಗಳು ಅಂದ್ಕೊಂಡಳು ಮೇಡಂ. ನಾನು ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಅಣ್ಣನ ಸ್ವೆಟರ್ ಒಗೆದು ಹಾಕ್ತಾ ಇದ್ದಳು. 'ನಾಲ್ಕು ತಿಂಗಳಲ್ವಾ, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕಳೆಯುತ್ತೆ, ಚಳಿಗಾಲಕ್ಕೆ ಬರ್ತಾನೆ' ಅಂತ ನಗ್ತಾ ಇದ್ದಳು. ನಾನು ವಕೀಲರಿಗೆ ಫೋನ್ ಮಾಡಿ ತಿಳ್ಕೊಂಡು, ವರ್ಷ ಅಂತ ಅವಳಿಗೆ ಹೇಳಬೇಕಾಯ್ತು. ಎರಡನೇ ಸಲ ಶಿಕ್ಷೆ ಹೇಳಿದವಳು ನಾನು."

ಕೆಳಗೆ ಬಸ್ಸೊಂದು ಹೊರಟುಹೋಯಿತು. ನ್ಯಾಯಾಧೀಶೆ ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ಜೀವನವಿಡೀ ಜನ ಹೊಗಳಿದ್ದ ಆ ಸಣ್ಣ ದನಿ ಈಗ ಆಕೆಗೇ ಬೇಡವಾದಂತಿತ್ತು.

"ನಾನು ಕೊಟ್ಟ ಶಿಕ್ಷೆಯಲ್ಲಿ ನಿಮ್ಮಣ್ಣ ಒಳಗಿರೋವರೆಗೆ ನಿಮ್ಮನ್ನ ಈ ಕೊಠಡಿಯಲ್ಲಿ ಕೂರಿಸೋ ಹಾಗಿಲ್ಲ," ಅಂದರು. "ಅದು ನಿಮಗೂ ಗೊತ್ತಿರಬೇಕು."

"ಗೊತ್ತು ಮೇಡಂ."

"ಹೇಳದೇ ಇದ್ದಿದ್ರೆ ಕೆಲಸ ನಿಮ್ಮದಾಗಿತ್ತು."

"ಅದೂ ಗೊತ್ತು."

ಆಕೆ ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಕ್ಷಮೆ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಲಾಯರಮ್ಮ ಮೆಟ್ಟಿಲಿಳಿದಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ತಾನು ಅಂತ ತನ್ನನ್ನೇ ಬೈದುಕೊಂಡಳು. ಬಸ್ಸಿನಲ್ಲಿ ಕೂತು, ಮುಖ ಕಿಟಕಿಗೆ ತಿರುಗಿಸಿ ಅತ್ತಳು.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಮಗಳ ಮುಖ ನೋಡಿದೊಡನೆ ವಿಷಯ ತಿಳಿಯಿತು. ತುಟಿ ಓದುವವಳಿಗೆ ಮುಖ ಓದುವುದು ಯಾವ ಲೆಕ್ಕ?

"ಹೋಗ್ಲಿ ಬಿಡು. ಅವರಿಗೆ ಯೋಗ ಇಲ್ಲ. ಯಾವ ಜಡ್ಜು ಅದು, ನಿನ್ನಂಥೋಳನ್ನ ಬೇಡ ಅಂದಿದ್ದು?"

ಲಾಯರಮ್ಮ ಹೇಳಿದಳು.

"ಆ ಹೆಂಗಸಿನ ಹತ್ರ ಹೋಗಿದ್ಯಾ? ನನಗೆ ಒಂದು ಮಾತು ಹೇಳದೇನೇ?"

"ಹೂಂ."

ಅಮ್ಮ ಒಳಗೆ ಹೋದಳು. ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಕೇಳಿದಳು. "ಅವರಿಗೆ ಅವನ ನೆನಪಿತ್ತಾ?"

ಲಾಯರಮ್ಮ ಸುತ್ತಿ ಬಂದು, ಅಮ್ಮನಿಗೆ ಕಾಣುವ ಹಾಗೆ ಎದುರು ನಿಂತು, "ಇಲ್ಲ" ಅಂದಳು.

"ಹೂಂ. ದಿನಕ್ಕೆ ಎಷ್ಟು ಜನರನ್ನ ನೋಡ್ತಾರೋ." ಇನ್ನೊಂದು ಪಾತ್ರೆ ಎತ್ತಿಕೊಂಡು, "ನೀನೇನು ಹೇಳಿದೆ?"

"ನಿಂಗೆ ಕೇಳಿಸಲಿಲ್ಲ ಅಂತ ಹೇಳ್ದೆ. ನಾಲ್ಕು ಬೆರಳಿಂದು, ಸ್ವೆಟರ್‌ದು, ಎಲ್ಲಾ."

ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅದನ್ನ ಹೇಳೋಕೆ ಕೆಲಸ ಕಳ್ಕೊಂಡು ಬಂದ್ಯಾ? ಹುಚ್ಚಿ. ಹುಚ್ಚು ಮುಂಡೇದೆ." ಬೈಗುಳದಲ್ಲಿ ಬಿಸಿ ಇರಲಿಲ್ಲ. ಮಗಳ ತಲೆಯನ್ನು ಒಮ್ಮೆ ತನ್ನ ಹೆಗಲಿಗೆ ಒತ್ತಿಕೊಂಡು ಬಿಟ್ಟಳು. ಅಳಲಿಲ್ಲ.

ಮುಂದಿನ ಭೇಟಿಯಲ್ಲಿ ಅಣ್ಣ ಗಾಜಿನಾಚೆಯಿಂದ ತುಟಿಯಾಡಿಸಿದ. "ಬಿಟ್ಟುಕೊಟ್ಟು ಬಂದ್ಯಾ?" ಅವಳು ಹೌದೆಂದು ತಲೆಯಾಡಿಸಿದಳು. ಅವನು ನಗಲು ಹೋಗಿ ಸೋತು, ಹಣೆಯನ್ನು ಗಾಜಿಗೆ ಒರಗಿಸಿಕೊಂಡ.

ಪರೀಕ್ಷೆ ಮುಗಿಯಿತು, ಅಂಕಗಳು ಮತ್ತೆ ನಡುಸಾಲಿನವೇ. ಲಾಯರಮ್ಮ ಒಬ್ಬ ಸಣ್ಣ ವಕೀಲರ ಹತ್ತಿರ ಸೇರಿದಳು. ಅವರ ಕಚೇರಿಯಲ್ಲಿದ್ದದ್ದು ಮೂರು ಕುರ್ಚಿ. ಕಕ್ಷಿದಾರರು ಇಬ್ಬರು ಬಂದರೆ ಅವಳು ಎದ್ದು ನಿಲ್ಲಬೇಕು. ಒಂದು ಬೆಳಿಗ್ಗೆ ಅವರು "ಈ ಕಾಗದ ಕೊಟ್ಟು ಬಾಮ್ಮ" ಅಂತ ಅವಳನ್ನು ಅದೇ ನ್ಯಾಯಾಲಯಕ್ಕೆ ಕಳಿಸಿದರು. ಒಳಗೆ ಕಲಾಪ ನಡೆಯುತ್ತಿತ್ತು. ಅವಳು ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು.

ಕಟಕಟೆಯಲ್ಲಿ ಒಬ್ಬ ಯುವಕ. ಅವಳ ಪಕ್ಕದಲ್ಲಿ ಒಬ್ಬ ಹೆಂಗಸು ಕೈಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಅವನ ಅಮ್ಮ ಅಂತ ಯಾರೂ ಹೇಳಬೇಕಾಗಿರಲಿಲ್ಲ. ನ್ಯಾಯಾಧೀಶೆ ಕಾಗದ ಎತ್ತಿಕೊಂಡರು. ಆಮೇಲೆ ಅದನ್ನು ಕೆಳಗಿಟ್ಟರು. ತಲೆ ಎತ್ತಿ, ಕಟಕಟೆಯನ್ನು ನೋಡಿ, ಮುಂದಿನ ಬೆಂಚುಗಳನ್ನು ನೋಡಿ, ಕೊನೆಗೆ ಹಿಂದಿನ ಬೆಂಚಿಗೆ ಕಣ್ಣು ನೆಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ದನಿ ಗಟ್ಟಿಯಾಗಿತ್ತು. ಗಟ್ಟಿ ಮಾಡುವ ಅಭ್ಯಾಸವಿಲ್ಲದೆ ಅಲ್ಲಲ್ಲಿ ಒಡೆಯುತ್ತಿತ್ತು. ವಕೀಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎರಡು ವರ್ಷ. ಹಿಂದೆ ಕೂತವರಿಗೆ ಕೇಳಿಸಿತೇ?"

ಪಕ್ಕದ ಹೆಂಗಸು ಎದ್ದು ನಿಂತಳು. "ಕೇಳಿಸ್ತು ತಾಯಿ," ಅಂದಳು. ಕೂತಳು. ಕೈಚೀಲದಲ್ಲಿ ಮುಖ ಹುದುಗಿಸಿದಳು.

ಕೇಳಿಸಿದ್ದರಿಂದ ಆಕೆಯ ನೋವೇನು ಕಡಿಮೆಯಾಯಿತೇ? ಎರಡು ವರ್ಷ ಎರಡೇ ವರ್ಷ, ಒಂದು ದಿನವೂ ಇಳಿಯಲಿಲ್ಲ. ಲಾಯರಮ್ಮ ಆ ಹೆಂಗಸಿನ ಬೆನ್ನ ಮೇಲೆ ಕೈಯಿಟ್ಟಳು. ನ್ಯಾಯಾಧೀಶೆ ತನ್ನನ್ನು ಗುರುತಿಸಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಆಕೆ ಆಗಲೇ ಮುಂದಿನ ಫೈಲನ್ನು ತೆಗೆದುಕೊಂಡಿದ್ದರು.

ಸಂಜೆ ಅಮ್ಮ ಮಿಲ್ಲಿನಿಂದ ಬಂದು, ಕೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಬಿಡಿಸಿಕೊಳ್ಳುತ್ತಿದ್ದಳು. ಲಾಯರಮ್ಮ ಎದುರು ಕೂತು, ಕಂಡದ್ದನ್ನೆಲ್ಲ ತುಟಿಯಲ್ಲೇ ಹೇಳಿದಳು. ಅಮ್ಮನ ಕಣ್ಣು ಮಗಳ ಬಾಯಿಯಿಂದ ಕದಲಲಿಲ್ಲ.

"ಎಷ್ಟು ಅಂದ್ರು?"

"ಎರಡು ವರ್ಷ."

"ಆಕೆಗೆ ಕೇಳಿಸ್ತಾ?"

"ಕೇಳಿಸ್ತು."

"ಪೊಲೀಸಿನವನನ್ನ ಕೇಳಬೇಕಾಗ್ಲಿಲ್ವಾ?"

"ಇಲ್ಲಮ್ಮ. ಯಾರನ್ನೂ ಕೇಳಬೇಕಾಗ್ಲಿಲ್ಲ."

ಅಮ್ಮ ಹೂಂ ಅಂದಳು. ಕೂದಲಲ್ಲಿದ್ದ ಕೈ ಅಲ್ಲೇ ನಿಂತಿತು. ಆಮೇಲೆ ಅಳಲು ಶುರುಮಾಡಿದಳು. ಅಷ್ಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂತು. ತನ್ನ ಅಳು ಎಷ್ಟು ಜೋರಾಗಿದೆ ಎಂದು ಆ ಮಂದಕಿವಿಗೆ ತಿಳಿಯುತ್ತಿರಲಿಲ್ಲ, ಬೀದಿಯ ತುದಿಯವರೆಗೂ ಕೇಳಿಸುತ್ತಿತ್ತು. ಲಾಯರಮ್ಮ ಬಾಗಿಲು ಮುಚ್ಚಲು ಏಳಲಿಲ್ಲ.